ಶ್ರಾವಕ ಎಂದರೆ ಕೇಳುವವನು

ಭಗವಾನ್ ಮಹಾವೀರರಿಗೆ ಋಜುಕೂಲಾ ನದಿಯ ತೀರದಲ್ಲಿ ಕೇವಲಜ್ಞಾನ ಪ್ರಾಪ್ತವಾದದ್ದು ವೈಶಾಖ ಶುದ್ಧ ದಶಮಿಯಂದು. ಸಮವಸರಣ ರಚನೆಯಾಯಿತು. ಹನ್ನೆರಡು ಕೋಷ್ಠಗಳಲ್ಲಿ ದೇವತೆಗಳು, ಮನುಷ್ಯರು, ತಿರ್ಯಂಚರು ಬಂದು ಕುಳಿತರು. ಆದರೆ ದಿವ್ಯಧ್ವನಿ ಹೊರಡಲಿಲ್ಲ. ಒಂದೆರಡು ದಿನವಲ್ಲ, 66 ದಿನಗಳ ಕಾಲ ಭಗವಂತರು ಮೌನವಾಗಿಯೇ ಇದ್ದರೆಂದು ದಿಗಂಬರ ಪರಂಪರೆ ಹೇಳುತ್ತದೆ. ಹೇಳಬೇಕಾದವರು ಸರ್ವಜ್ಞರು, ಸಭೆಯೋ ತುಂಬಿತ್ತು. ಇಲ್ಲದಿದ್ದವನು ಒಬ್ಬನೇ, ಆ ವಾಣಿಯನ್ನು ಗ್ರಹಿಸಿ ಧರಿಸಬಲ್ಲ ಗಣಧರ. ಇದನ್ನರಿತ ಇಂದ್ರನು ವೃದ್ಧ ಬ್ರಾಹ್ಮಣನ ವೇಷದಲ್ಲಿ ಇಂದ್ರಭೂತಿ ಗೌತಮನೆಂಬ ಮಹಾಪಂಡಿತನ ಬಳಿಗೆ ಹೋಗಿ, ಒಂದು ಶ್ಲೋಕದ ಅರ್ಥವನ್ನು ಕೇಳಿದ. ಗೌತಮನಿಗೆ ಅರ್ಥ ತಿಳಿಯಲಿಲ್ಲ. ತಿಳಿಯದೆಂದು ಒಪ್ಪಿಕೊಳ್ಳುವ ಮನಸ್ಸೂ ಇರಲಿಲ್ಲ. ನಿನ್ನ ಗುರುವಿನೊಡನೆಯೇ ವಾದಿಸುತ್ತೇನೆಂದು ಶಿಷ್ಯರ ಸಮೇತ ಹೊರಟುಬಂದ. ಮಾನಸ್ತಂಭವನ್ನು ಕಂಡೊಡನೆ ಅವನ ಮಾನ ಕರಗಿತು, ದಿವ್ಯಧ್ವನಿ ಹರಿಯಿತು. ರಾಜಗೃಹದ ವಿಪುಲಾಚಲದ ಮೇಲೆ ಅದು ಮೊದಲು ಕೇಳಿಸಿದ ದಿನವನ್ನೇ ನಾವು ವೀರಶಾಸನ ಜಯಂತಿ ಎಂದು ಆಚರಿಸುತ್ತೇವೆ. ಉತ್ತರದವರ ಪಂಚಾಂಗದಲ್ಲಿ ಅದು ಶ್ರಾವಣ ಕೃಷ್ಣ ಪ್ರತಿಪದೆ. ನಮ್ಮ ಲೆಕ್ಕದಲ್ಲಿ ಆಷಾಢ ಹುಣ್ಣಿಮೆಯ ಮರುದಿನ. ಎರಡೂ ಒಂದೇ ದಿನವೆಂಬುದನ್ನು ತಿಳಿಯದೆ ಮನೆಮನೆಗಳಲ್ಲಿ ವಾದ ನಡೆಯುವುದುಂಟು, ಅದಕ್ಕಾಗಿ ಈ ಮಾತು.

ಶ್ವೇತಾಂಬರ ಪರಂಪರೆಯ ನಿರೂಪಣೆ ಬೇರೆ. ಅಲ್ಲಿ ಭಗವಂತರ ಪ್ರಥಮ ದೇಶನೆ ನಡೆಯುತ್ತದೆ, ಆದರೆ ಕೇಳಿದವರಲ್ಲಿ ವ್ರತವನ್ನು ಸ್ವೀಕರಿಸುವವರು ಒಬ್ಬರೂ ಇರುವುದಿಲ್ಲ. ತೀರ್ಥಂಕರರ ಮಾತೂ ಫಲವಿಲ್ಲದೆ ಹೋದ ಆ ಪ್ರಸಂಗವನ್ನು ಆ ಗ್ರಂಥಗಳು ಅಚ್ಚರಿಗಳ ಸಾಲಿನಲ್ಲಿ ಎಣಿಸಿವೆ. ಕಥೆ ಎರಡಾದರೂ ಎರಡೂ ಬೆರಳು ತೋರುವುದು ಒಂದೇ ಕಡೆಗೆ, ಕೇಳುವವನ ಕಡೆಗೆ. ಗೃಹಸ್ಥನಾದ ಜೈನನಿಗೆ ಪೂರ್ವಾಚಾರ್ಯರು ಇಟ್ಟ ಹೆಸರೂ ಅದೇ ಅಲ್ಲವೆ? ಪೂಜಕ ಎನ್ನಲಿಲ್ಲ, ದಾನಿ ಎನ್ನಲಿಲ್ಲ, ಶ್ರಾವಕ ಎಂದರು. ಶ್ರಾವಕ ಎಂದರೆ ಕೇಳುವವನು.

ಚಾತುರ್ಮಾಸ ಸಮೀಪಿಸಿದೆ. ವಿಹಾರವನ್ನು ನಿಲ್ಲಿಸಿ ಮುನಿಗಳು ಒಂದೆಡೆ ನೆಲೆಸುವ ಈ ನಾಲ್ಕು ತಿಂಗಳು ಪ್ರವಚನದ ಋತು. ಈಚಿನ ವರ್ಷಗಳಲ್ಲಿ ಇದೇ ಋತುವಿನಲ್ಲಿ ಮತ್ತೊಂದು ಬಗೆಯ ಮಾತಿನ ಮಳೆಯೂ ಸುರಿಯತೊಡಗಿದೆ. ಅಂತರ್ಜಾಲದ ಉಪನ್ಯಾಸ ಬಳಗಗಳು ಭಾನುವಾರಕ್ಕೊಂದರಂತೆ ಉಪನ್ಯಾಸಗಳ ಪಟ್ಟಿಯನ್ನು ಸಿದ್ಧಪಡಿಸಿ ವಾಟ್ಸ್‌ಆ್ಯಪ್‌ನಲ್ಲಿ ಹಂಚುತ್ತಿವೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳ ಕೆಲವು ಶಿಕ್ಷಕರು, ಅಂಗಡಿಕಾರರು, ಬ್ಯಾಂಕಿನ ನಿವೃತ್ತ ನೌಕರರು ಕೂಡಿ ನಡೆಸುವ ಅಂತಹದೊಂದು ಸಣ್ಣ ಬಳಗಕ್ಕೆ ಈ ಲೇಖಕನೂ ಸೇರಿದ್ದಾನೆ. ಜೈನರು ಆರಂಭಿಸಿದರೂ ಕೇಳುವವರಲ್ಲಿ ಎಲ್ಲ ಸಮಾಜದವರೂ ಇದ್ದಾರೆ. ಕಳೆದ ಸಾಲಿನಲ್ಲಿ ಮಣ್ಣಿನ ಆರೋಗ್ಯ, ಕಣ್ಣಿನ ಪೊರೆ, ಶಾಸನಗಳನ್ನು ಓದುವ ಬಗೆ, ಪ್ರಾಕೃತ ಭಾಷೆಯ ಪರಿಚಯ, ಆಕಾಶದ ನಕ್ಷತ್ರಗಳು, ಮೊಬೈಲ್ ಮೂಲಕ ನಡೆಯುವ ಹಣದ ವಂಚನೆ, ಹೀಗೆ ವಿಷಯಗಳು ಒಂದಕ್ಕೊಂದು ಸಂಬಂಧವಿಲ್ಲದಂತೆ ತೋರುವಷ್ಟು ವಿವಿಧವಾಗಿದ್ದವು.

ಇದರಿಂದ ದೊರೆತ ಪ್ರಯೋಜನವನ್ನು ಕಡಿಮೆಯೆಂದು ಯಾರೂ ಎಣಿಸಬಾರದು. ನಮ್ಮ ಭಾಗದ ಜೈನ ಮನೆಗಳ ಸ್ಥಿತಿಯನ್ನು ಬಲ್ಲವರಿಗೆ ಇದು ತಿಳಿದೀತು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿ ಒಂದು ಕಾಲಕ್ಕೆ ಕೋಗಳಿ-500 ಎಂಬ ನಾಡಿನ ಕೇಂದ್ರ. ಅಲ್ಲಿನ ಬಸದಿಗೆ ಸಂಬಂಧಿಸಿದ 1055ರ ಶಾಸನ, ಚಾಲುಕ್ಯ ತ್ರೈಲೋಕ್ಯಮಲ್ಲನ ಕಾಲದ್ದು, ಇಂದ್ರಕೀರ್ತಿ ಎಂಬ ಆಚಾರ್ಯರನ್ನು ಹೆಸರಿಸುತ್ತದೆ. ಅಂತಹ ಆಚಾರ್ಯರ ಸನ್ನಿಧಿಯಲ್ಲಿ ಕುಳಿತು ಪಾಠ ಕೇಳುವ ಭಾಗ್ಯ ಇಂದು ಈ ಐದು ತಾಲ್ಲೂಕುಗಳ ಮಕ್ಕಳಿಗೆ ಇಲ್ಲ. ಊರಿಗೆ ಕೆಲವೇ ಮನೆಗಳು. ಶ್ರವಣಬೆಳಗೊಳಕ್ಕೋ ಹುಂಚಕ್ಕೋ ಹೋಗಬೇಕೆಂದರೆ ಇಡೀ ದಿನದ ಪ್ರಯಾಣ. ಅಂಗಡಿಯ ಬಾಗಿಲು ಹಾಕಿ ಮನೆಗೆ ಬರುವ ಯಜಮಾನನಿಗೆ, ಮಂಡಿನೋವಿನಿಂದ ಮೆಟ್ಟಿಲಿಳಿಯಲಾರದ ಅಜ್ಜಿಗೆ, ಮೊಬೈಲಿನ ಪುಟ್ಟ ಪರದೆಯೇ ಬಸದಿಯ ಜಗಲಿಯಾಗಿದೆ.

2020ರ ಮಾರ್ಚ್ 25ರಿಂದ ದೇಶವೇ ಬಾಗಿಲು ಮುಚ್ಚಿಕೊಂಡ ದಿನಗಳನ್ನು ನೆನೆಯಿರಿ. ಆ ವರ್ಷದ ಪರ್ಯೂಷಣದಲ್ಲಿ ಮುಂಬಯಿಯಂತಹ ನಗರದಲ್ಲಿಯೂ ಮೂರು ಜಿನಮಂದಿರಗಳನ್ನು ಪ್ರಾರ್ಥನೆಗೆ ತೆರೆಯಲು ಸುಪ್ರೀಂ ಕೋರ್ಟಿನ ಅನುಮತಿ ಪಡೆಯಬೇಕಾಯಿತು. ಆಗ ದಶಲಕ್ಷಣ ಧರ್ಮಗಳ ವಿವರಣೆಯನ್ನು ಅನೇಕರು ಕೇಳಿದ್ದು ಮನೆಯ ಪಡಸಾಲೆಯಲ್ಲಿ, ಯೂಟ್ಯೂಬಿನ ಮೂಲಕ. ಮಹಾವ್ರತಿಗಳಾದ ಮುನಿಗಳು ಯಂತ್ರವನ್ನು ಬಳಸಬಹುದೇ ಎಂಬ ಚರ್ಚೆ ಧ್ವನಿವರ್ಧಕ ಬಂದ ಕಾಲದಿಂದಲೂ ನಡೆದಿದೆ. ಅದು ಅವರಿಗೆ ಬಿಟ್ಟದ್ದು. ಗೃಹಸ್ಥನಿಗೆ ಆ ಬಾಧೆಯಿಲ್ಲ.

ಬಳಗದ ಹಿರಿಯರೊಬ್ಬರ ಆಕ್ಷೇಪ ಬೇರೆ. ಧರ್ಮವನ್ನು ತಿಳಿಸಲೆಂದು ಕಟ್ಟಿದ ಬಳಗದಲ್ಲಿ ಮಣ್ಣು, ಕಣ್ಣು, ಬ್ಯಾಂಕು ಇವೆಲ್ಲ ಏಕೆ ಎಂದು ಅವರು ಕೇಳುತ್ತಾರೆ. ಈ ಆಕ್ಷೇಪಕ್ಕೆ ನಮ್ಮ ಪೂರ್ವಿಕರೇ ಉತ್ತರ ಕೊಟ್ಟಿದ್ದಾರೆ. ಮಹಾವೀರಾಚಾರ್ಯರು ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದರು. ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕ ವೈದ್ಯಗ್ರಂಥ. ಕನ್ನಡದಲ್ಲಿಯೇ ನೋಡುವುದಾದರೆ ರಾಜಾದಿತ್ಯ ವ್ಯವಹಾರಗಣಿತವನ್ನು ಬರೆದ, ಕೀರ್ತಿವರ್ಮ ದನಕರುಗಳ ಚಿಕಿತ್ಸೆಗಾಗಿ ಗೋವೈದ್ಯವನ್ನು ಬರೆದ. ಇಬ್ಬರೂ ಜೈನರು. ದನದ ಬೇನೆಯನ್ನು ಕುರಿತು ಬರೆಯುವುದು ಧರ್ಮಕ್ಕೆ ಹೊರಗೆಂದು ಅವರು ಭಾವಿಸಲಿಲ್ಲ. ಮೊಬೈಲ್ ವಂಚನೆಯ ವಿಷಯವೂ ಹೊರಗಿನದಲ್ಲ. ಅಚೌರ್ಯಾಣುವ್ರತಕ್ಕೆ ತತ್ತ್ವಾರ್ಥಸೂತ್ರ ಹೇಳುವ ಐದು ಅತಿಚಾರಗಳಲ್ಲಿ ಕೊನೆಯದು ಪ್ರತಿರೂಪಕ ವ್ಯವಹಾರ. ನಕಲಿಯನ್ನು ಅಸಲಿಯೆಂದು ನಂಬಿಸಿ ವ್ಯವಹರಿಸುವುದೇ ಅದರ ಅರ್ಥ. ಬ್ಯಾಂಕಿನ ಹೆಸರಿನಲ್ಲಿ ಕರೆ ಮಾಡಿ ಗುಪ್ತಸಂಖ್ಯೆ ಕೇಳುವವನು ಮಾಡುತ್ತಿರುವುದು ಇನ್ನೇನು?

ಆದ್ದರಿಂದ ವಿಷಯ ವೈವಿಧ್ಯದ ಬಗ್ಗೆ ನನಗೆ ತಕರಾರಿಲ್ಲ. ನನ್ನ ಚಿಂತೆ ಇರುವುದು ಕೇಳುವ ಕ್ರಮದ ಬಗ್ಗೆ.

ಶ್ರಾವಕನ ಷಟ್ಕರ್ಮಗಳಲ್ಲಿ ಒಂದೂ ಅಂತರಂಗ ತಪಸ್ಸುಗಳಲ್ಲಿ ಒಂದೂ ಆದ ಸ್ವಾಧ್ಯಾಯಕ್ಕೆ ಉಮಾಸ್ವಾಮಿ ಆಚಾರ್ಯರು ಐದು ಅಂಗಗಳನ್ನು ಹೇಳಿದ್ದಾರೆ: ವಾಚನಾ, ಪೃಚ್ಛನಾ, ಅನುಪ್ರೇಕ್ಷಾ, ಆಮ್ನಾಯ, ಧರ್ಮೋಪದೇಶ. ಓದುವುದು ಅಥವಾ ಓದಿಸಿ ಕೇಳುವುದು ಮೊದಲು; ಸಂದೇಹವನ್ನು ಪ್ರಶ್ನಿಸುವುದು ಎರಡನೆಯದು; ತಿಳಿದದ್ದನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಚಿಂತಿಸುವುದು ಮೂರನೆಯದು; ತಪ್ಪಿಲ್ಲದೆ ಉಚ್ಚರಿಸಿ ಗಟ್ಟಿ ಮಾಡಿಕೊಳ್ಳುವುದು ನಾಲ್ಕನೆಯದು. ಉಪದೇಶ ಬರುವುದು ಕಟ್ಟಕಡೆಗೆ. ಮೊದಲ ನಾಲ್ಕನ್ನು ದಾಟಿ ಬಂದವನಿಗೆ ಐದನೆಯದರ ಅಧಿಕಾರ. ನಮ್ಮ ಅಂತರ್ಜಾಲ ಸಭೆಗಳಲ್ಲಿ ಈ ಕ್ರಮ ತಲೆಕೆಳಗಾಗಿದೆ. ಅಲ್ಲಿ ಇರುವುದೆಲ್ಲ ಉಪದೇಶ. ಶುಲ್ಕವಿಲ್ಲದ ಸಭೆಗೆ ದೊರೆಯುವುದು ನಲವತ್ತು ನಿಮಿಷ. ಅದರಲ್ಲಿ 'ಧ್ವನಿ ಕೇಳಿಸುತ್ತಿದೆಯೇ' ಎಂಬ ವಿಚಾರಣೆಗೆ ಐದು ನಿಮಿಷ, ಪ್ರಾರ್ಥನೆ, ಸ್ವಾಗತ, ಅತಿಥಿಗಳ ಬಿರುದಾವಳಿಗೆ ಹತ್ತು ನಿಮಿಷ. ಉಳಿದದ್ದರಲ್ಲಿ ಉಪನ್ಯಾಸಕರು ಅವಸರದಿಂದ ಓಡುತ್ತಾರೆ. ಯಾರೋ ಪ್ರಶ್ನೆ ಕೇಳಲು ಬಾಯಿ ತೆರೆಯುವ ಹೊತ್ತಿಗೆ ಪರದೆ ಕಪ್ಪಾಗುತ್ತದೆ. ವಂದನಾರ್ಪಣೆಗೆ ಮಾತ್ರ ಹೇಗೋ ಸಮಯ ಸಿಕ್ಕಿರುತ್ತದೆ.

ಕಳೆದ ಸಾಲಿನ ಮಣ್ಣಿನ ಉಪನ್ಯಾಸದಲ್ಲಿ ನಡೆದದ್ದು ಇದೇ. ಕೃಷಿಯನ್ನು ಬಲ್ಲ ಉಪನ್ಯಾಸಕರು ಫಲವತ್ತಾದ ಮಣ್ಣಿನ ಒಂದು ಚಮಚದಲ್ಲಿ ನೂರು ಕೋಟಿಯಷ್ಟು ಸೂಕ್ಷ್ಮಜೀವಿಗಳಿರಬಹುದೆಂದು ಬಹಳ ಸೊಗಸಾಗಿ ವಿವರಿಸಿದರು. ಕೊನೆಯಲ್ಲಿ ಕೂಡ್ಲಿಗಿ ಕಡೆಯ ಶೇಂಗಾ ಬೆಳೆಯುವ ರೈತರೊಬ್ಬರ ಮಗಳು, ಒಂಬತ್ತನೆಯ ತರಗತಿಯ ಹುಡುಗಿ, ಜೈನಳಲ್ಲ, ಕೇಳಿದಳು: "ಸರ್, ಮಣ್ಣಾಗ ಇಷ್ಟು ಜೀವ ಅದಾವು ಅಂದ್ರ, ನಮ್ಮಪ್ಪ ರಂಟಿ ಹೊಡೆಯೋದು ಪಾಪ ಆಕ್ಕತೇನ್ರಿ?" ಸಭೆ ಅಲ್ಲಿಗೆ ಕಡಿದುಹೋಯಿತು. ಮರುದಿನ ಗುಂಪಿನಲ್ಲಿ ಉಪನ್ಯಾಸಕರಿಗೆ ಅಭಿನಂದನೆಗಳು, ಕೈಮುಗಿದ ಚಿತ್ರಗಳು, ಹೂಗುಚ್ಛಗಳು ಸಾಲುಗಟ್ಟಿ ಬಂದವು. ಹುಡುಗಿಯ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ.

ಮೂರು ದಶಕಗಳಿಗೂ ಮಿಗಿಲಾಗಿ ತರಗತಿಯಲ್ಲಿ ನಿಂತವನಾಗಿ ಹೇಳುತ್ತೇನೆ: ಇಡೀ ಸಾಲಿನ ಉಪನ್ಯಾಸಗಳಲ್ಲಿ ಅದಕ್ಕಿಂತ ಬೆಲೆಯುಳ್ಳ ಮಾತು ಬರಲಿಲ್ಲ. ಅದು ಹಗುರವಾದ ಪ್ರಶ್ನೆಯೂ ಅಲ್ಲ. ನಮ್ಮ ಆಚಾರ್ಯರು ಅದರೊಡನೆ ಶತಮಾನಗಳ ಕಾಲ ಸೆಣಸಿದ್ದಾರೆ. ಆದಿತೀರ್ಥಂಕರ ವೃಷಭದೇವರು ಪ್ರಜೆಗಳಿಗೆ ಕಲಿಸಿದ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಷಟ್ಕರ್ಮಗಳಲ್ಲಿ ಕೃಷಿಯೂ ಸೇರಿದೆ. ಇನ್ನೊಂದೆಡೆ ಶ್ರಾವಕಾಚಾರ ಗ್ರಂಥಗಳು ಎಣಿಸುವ ಹದಿನೈದು ಖರಕರ್ಮಗಳಲ್ಲಿ ನೆಲವನ್ನು ಸೀಳುವ ಸ್ಫೋಟಕರ್ಮವನ್ನು ಬಿಡಬೇಕಾದದ್ದೆಂದು ಹೇಳಿದೆ. ಒಂದು ಮಾತನ್ನು ಮಾತ್ರ ಹಿಡಿದರೆ ರೈತ ಪುಣ್ಯವಂತ. ಇನ್ನೊಂದನ್ನು ಮಾತ್ರ ಹಿಡಿದರೆ ಪಾಪಿ. ಎರಡನ್ನೂ ಹಿಡಿದು ನೋಡಬೇಕೆಂಬುದೇ ಅನೇಕಾಂತ. ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿದ್ದು ಇದಕ್ಕಾಗಿಯೇ. ಕೊಲ್ಲಬೇಕೆಂಬ ಸಂಕಲ್ಪದಿಂದ ಮಾಡುವ ಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ತ್ಯಜಿಸಬೇಕು. ಅಡುಗೆ, ಜೀವನೋಪಾಯ, ಆತ್ಮರಕ್ಷಣೆಗಳಲ್ಲಿ ಒದಗುವ ಹಿಂಸೆಯನ್ನು ಯತ್ನಪೂರ್ವಕವಾಗಿ ಕಡಿಮೆ ಮಾಡುತ್ತ ಬರಬೇಕು.

ರಂಟೆ ಹೊಡೆಯುವವನು ಜೀವವನ್ನು ಕೊಲ್ಲಲು ಹೊಡೆಯುವುದಿಲ್ಲ, ಅನ್ನ ಬೆಳೆಯಲು ಹೊಡೆಯುತ್ತಾನೆ. ಹಾಗೆಂದು ದೋಷವೇ ಇಲ್ಲವೆಂದು ಶಾಸ್ತ್ರ ಹೇಳುವುದಿಲ್ಲ, ಎಚ್ಚರವನ್ನು ಕೇಳುತ್ತದೆ. ಹೊಲದ ಕಸಕ್ಕೆ ಬೆಂಕಿ ಹಚ್ಚದಿರುವುದು, ಬೇಡದ ಕಡೆ ವಿಷ ಸಿಂಪಡಿಸದಿರುವುದು ಆ ಎಚ್ಚರದ ರೂಪಗಳು. ಬೆಳಗಾವಿ, ಸಾಂಗ್ಲಿ, ಕೊಲ್ಹಾಪುರ ಸೀಮೆಗಳಲ್ಲಿ ಹೊಲ ಉಳುವ ಜೈನ ಕುಟುಂಬಗಳು ಸಾವಿರಾರು ಇವೆ. ಇಪ್ಪತ್ತನೆಯ ಶತಮಾನದಲ್ಲಿ ದಿಗಂಬರ ಮುನಿ ಪರಂಪರೆಗೆ ಮರುಜೀವ ನೀಡಿದ ಆಚಾರ್ಯ ಶಾಂತಿಸಾಗರ ಮಹಾರಾಜರು ಚಿಕ್ಕೋಡಿ ಸೀಮೆಯ ಭೋಜ ಗ್ರಾಮದ ಕೃಷಿಕ ಮನೆತನದಿಂದ ಬಂದವರು. ಕಾಳು ತಿನ್ನಲು ಬಂದ ಹಕ್ಕಿಗಳನ್ನು ಅವರು ಹೊಲದಿಂದ ಓಡಿಸುತ್ತಿರಲಿಲ್ಲವೆಂದು ಆ ಕಡೆಯವರು ಇಂದಿಗೂ ಹೇಳುತ್ತಾರೆ. ಇಷ್ಟನ್ನಾದರೂ ಆ ಹುಡುಗಿಗೆ ತಿಳಿಸಬಹುದಿತ್ತು. ತಂದೆ ಮಾಡುವ ಕೆಲಸ ಪಾಪವೋ ಏನೋ ಎಂಬ ಅಳುಕನ್ನು ಹೊತ್ತುಕೊಂಡು ಒಂದು ಮಗು ನಮ್ಮ ಸಭೆಯಿಂದ ಎದ್ದುಹೋಗಬಾರದಾಗಿತ್ತು.

ಗೌತಮ ಗಣಧರರ ಹಿರಿಮೆಯೂ ಪ್ರಶ್ನೆಯದೇ. ವ್ಯಾಖ್ಯಾಪ್ರಜ್ಞಪ್ತಿ ಎಂಬ ಐದನೆಯ ಅಂಗ ಪ್ರಶ್ನೋತ್ತರಗಳ ಗ್ರಂಥ. ಅದರಲ್ಲಿ 36,000 ಪ್ರಶ್ನೆಗಳಿದ್ದವೆಂದು ಶ್ವೇತಾಂಬರ ಪರಂಪರೆಯ ಎಣಿಕೆ. ನಮ್ಮ ಪುರಾಣಗಳು ಆರಂಭವಾಗುವುದೂ ಶ್ರೇಣಿಕ ಮಹಾರಾಜನು ಗೌತಮರನ್ನು ಕೇಳುವ ಪ್ರಶ್ನೆಯಿಂದ. ಕೇಳದೆ ಹೇಳಿದ ಕಥೆ ನಮ್ಮಲ್ಲಿ ಅಪರೂಪ.

ಅನುಪ್ರೇಕ್ಷೆಗೆ ನಮ್ಮ ನೆಲದಲ್ಲೇ ಒಂದು ನಿದರ್ಶನವಿದೆ, ನಮ್ಮ ಸಂಪ್ರದಾಯದ್ದಲ್ಲದಿದ್ದರೂ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯಲ್ಲಿ, ಉಪವಾಸ ವ್ರತದಲ್ಲಿದ್ದ ಗೊರವಯ್ಯ ಡೆಂಕನಮರಡಿಯಲ್ಲಿ ಬಿಲ್ಲನ್ನೇರಿ 'ಸದ್ದಲೇ' ಎನ್ನುತ್ತಾನೆ. ಲಕ್ಷಾಂತರ ಜನ ಒಮ್ಮೆಗೇ ನಿಶ್ಶಬ್ದ. ಒಂದೇ ಒಂದು ವಾಕ್ಯ ನುಡಿದು ಅವನು ಕೆಳಗೆ ಬೀಳುತ್ತಾನೆ. ಆ ಒಂದು ವಾಕ್ಯ ಮಳೆಯ ಬಗ್ಗೆಯೋ, ಬೆಳೆಯ ಬಗ್ಗೆಯೋ, ರಾಜ್ಯದ ಬಗ್ಗೆಯೋ ಎಂದು ಜನ ವರ್ಷವಿಡೀ ಕಟ್ಟೆಗಳ ಮೇಲೆ, ಬಸ್ಸುಗಳಲ್ಲಿ ಅರ್ಥ ಬಿಡಿಸುತ್ತಲೇ ಇರುತ್ತಾರೆ. ಭವಿಷ್ಯವಾಣಿಯಲ್ಲಿ ನಂಬಿಕೆಯಿಡುವುದು ಬಿಡುವುದು ಬೇರೆ ಮಾತು. ಒಂದು ವಾಕ್ಯವನ್ನು ಒಂದು ವರ್ಷ ಮನಸ್ಸಿನಲ್ಲಿಟ್ಟುಕೊಳ್ಳುವ ಜನರ ನಡುವೆ ಇದ್ದು, ಭಾನುವಾರದ ಉಪನ್ಯಾಸವನ್ನು ನಾವು ಸೋಮವಾರಕ್ಕೆ ಮರೆಯುತ್ತೇವೆ.

'ಧ್ವನಿಮುದ್ರಣ ಇದೆಯಲ್ಲ, ಬಿಡುವಾದಾಗ ಕೇಳಿದರಾಯಿತು' ಎಂಬುದು ಎಲ್ಲರ ಸಮಾಧಾನ. ಆ ಬಿಡುವು ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತು. ಕೇಳದ ಉಪನ್ಯಾಸಗಳು ಮೊಬೈಲಿನಲ್ಲಿ ತುಂಬಿಕೊಳ್ಳುತ್ತವೆ. ಜಾಗ ಸಾಲದೆಂದು ಹೊಸ ಮೊಬೈಲ್ ಕೊಳ್ಳುವವರೂ ಇದ್ದಾರೆ. ಉಪಯೋಗಿಸದೆ ಕೂಡಿಟ್ಟದ್ದು ಧಾನ್ಯವಾದರೇನು, ಧರ್ಮಪ್ರವಚನವಾದರೇನು, ಪರಿಗ್ರಹವೇ.

ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಗರಿಯಲ್ಲಿ ಬರೆಯಿಸಿ ಹಂಚಿದಳು. ಹಡಗಲಿಯಿಂದ ತುಂಗಭದ್ರೆಯನ್ನು ದಾಟಿ ಮುಂದೆ ಸಾಗಿದರೆ ಸಿಗುವ ಲಕ್ಕುಂಡಿಯಲ್ಲಿ ಆ ತಾಯಿ ಕಟ್ಟಿಸಿದ ಬಸದಿಯನ್ನೂ 1007ರ ಶಾಸನವನ್ನೂ ಇಂದಿಗೂ ನೋಡಬಹುದು. ಒಂದೊಂದು ಗರಿಯನ್ನೂ ಹದಮಾಡಿ, ಕಂಠದಿಂದ ಕೊರೆದು, ಮಸಿ ತುಂಬಿದ ಸಾವಿರ ಪ್ರತಿಗಳು! ಅಷ್ಟು ಶ್ರಮದಿಂದ ಬಂದ ಗ್ರಂಥವನ್ನು ಪಡೆದವನು ಓದದೆ ಮೂಲೆಗಿಟ್ಟನೆಂದು ಊಹಿಸುವುದು ಕಷ್ಟ. ಇಂದು ಬೆರಳಿನ ಒಂದು ಒತ್ತಿನಿಂದ ಸಾವಿರ ಜನಕ್ಕೆ ಕಳಿಸುತ್ತೇವೆ. ಕಳಿಸಿದವನೇ ಕೇಳಿರುವುದಿಲ್ಲ. ಅದನ್ನು ಶಾಸ್ತ್ರದಾನವೆಂದು ಕರೆಯಲು ನನಗೆ ಸಂಕೋಚವಾಗುತ್ತದೆ.

ಆಮ್ನಾಯದ ಮಾತೂ ಇಷ್ಟೇ ಮುಖ್ಯ. ಗಿರಿನಗರದ ಚಂದ್ರಗುಹೆಯಲ್ಲಿದ್ದ ವೃದ್ಧ ಧರಸೇನಾಚಾರ್ಯರು ತಮ್ಮ ಬಳಿ ಉಳಿದಿದ್ದ ಶ್ರುತವನ್ನು ಇಬ್ಬರು ಯುವ ಮುನಿಗಳಿಗೆ ಕೊಡುವ ಮೊದಲು ಅವರನ್ನು ಪರೀಕ್ಷಿಸಿದರು. ಒಬ್ಬರಿಗೆ ಒಂದಕ್ಷರ ಹೆಚ್ಚಿದ್ದ ಮಂತ್ರ, ಇನ್ನೊಬ್ಬರಿಗೆ ಒಂದಕ್ಷರ ಕಡಿಮೆಯಿದ್ದ ಮಂತ್ರ. ಸಾಧನೆ ಮಾಡಿದಾಗ ವಿಕಾರರೂಪದ ದೇವತೆಗಳು ಕಾಣಿಸಿಕೊಂಡರು. ಇಬ್ಬರೂ ತಾವೇ ದೋಷವನ್ನು ಹುಡುಕಿ ಅಕ್ಷರವನ್ನು ಸರಿಪಡಿಸಿಕೊಂಡರು. ಹೇಳಿದ್ದನ್ನು ಹಾಗೆಯೇ ಒಪ್ಪದೆ ಪರಿಶೀಲಿಸಬಲ್ಲ ಶಿಷ್ಯರೆಂದು ಗೊತ್ತಾದ ಮೇಲೆಯೇ ಪಾಠ ಆರಂಭ. ಆ ಪುಷ್ಪದಂತ, ಭೂತಬಲಿಗಳಿಂದ ಷಟ್ಖಂಡಾಗಮ ಉಳಿಯಿತು. ಅದರ ಧವಲಾ ಟೀಕೆಯ ಓಲೆಗಳು ಮೂಡುಬಿದಿರೆಯಲ್ಲಿ, ಹಳಗನ್ನಡ ಲಿಪಿಯಲ್ಲಿ, ಬಹುಕಾಲ ದರ್ಶನಕ್ಕೆ ಮಾತ್ರ ದೊರೆಯುತ್ತಿದ್ದವು. ಕೈಮುಗಿಯಬಹುದಿತ್ತು, ಓದುವಂತಿರಲಿಲ್ಲ. ಮೊದಲ ಸಂಪುಟ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಅಚ್ಚಾಗಿ ಹೊರಬಂದದ್ದು 1939ರಲ್ಲಿ. ಆಗ ಬೀಗದ ಕಾರಣದಿಂದ ಓದಲಾಗುತ್ತಿರಲಿಲ್ಲ, ಈಗ ಬೀಗವಿಲ್ಲ.

ಅಂತರ್ಜಾಲವನ್ನು ದೂರುವುದು ನನ್ನ ಉದ್ದೇಶವಲ್ಲ. ಡಿ.ವಿ.ಜಿ.ಯವರು 1945ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯಲ್ಲಿ ಭಾಷಣಗಳಷ್ಟೇ ಅಲ್ಲ, ಕೂಡಿ ಕುಳಿತು ಓದಿ ಚರ್ಚಿಸುವ ಅಧ್ಯಯನ ಗೋಷ್ಠಿಯೂ ಇತ್ತು. ಆ ಸಂಸ್ಥೆಯ ಉಪನ್ಯಾಸಗಳು ಇಂದು ಹರಪನಹಳ್ಳಿಯ ಮನೆಯಲ್ಲೂ ಯೂಟ್ಯೂಬಿನಲ್ಲಿ ಸಿಗುತ್ತವೆ. ಸಿಗದಿರುವುದು ಆ ಗೋಷ್ಠಿ. ಅದನ್ನು ನಾವೇ ಕಟ್ಟಿಕೊಳ್ಳಬೇಕು. ನಮ್ಮ ತಾಲ್ಲೂಕುಗಳಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ದತ್ತಿ ಉಪನ್ಯಾಸಗಳು, ಮಠಗಳ ಶಿವಾನುಭವ ಗೋಷ್ಠಿಗಳು ಪರಿಚಿತವೇ. ಅಲ್ಲಿಯೂ ಸಭೆ ಮುಗಿದ ಮೇಲೆ ಚಪ್ಪಲಿ ಹುಡುಕುತ್ತ, ಚಹಾ ಕುಡಿಯುತ್ತ ಉಪನ್ಯಾಸಕರನ್ನು ಮುತ್ತಿಕೊಂಡು ಕೇಳುವ ನಾಲ್ಕು ಮಾತುಗಳಲ್ಲೇ ಸಾರವಿರುತ್ತದೆ. ಪರದೆಯ ಸಭೆಗೆ ಆ ಅಂಗಳವಿಲ್ಲ. ಅದನ್ನು ಬೇಕೆಂದೇ ರೂಪಿಸಬೇಕಾಗುತ್ತದೆ.

ಈ ಸಾಲಿಗೆ ಬಳಗದ ಮುಂದೆ ನಾನು ಇಟ್ಟಿರುವ ಸಲಹೆ ಸರಳ. ಉಪನ್ಯಾಸಗಳ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಬೇಕು: ಒಂದು ಭಾನುವಾರ ಉಪನ್ಯಾಸ, ಮುಂದಿನ ಭಾನುವಾರ ಅದರ ಮೇಲಿನ ಪ್ರಶ್ನೆಗಳು ಮಾತ್ರ. ಸಾಮಾಯಿಕಕ್ಕೆ ಹಿರಿಯರು ನಿಗದಿಪಡಿಸಿದ ಒಂದು ಮುಹೂರ್ತ, ಅಂದರೆ 48 ನಿಮಿಷವೇ ಸಭೆಯ ಅವಧಿಯಾಗಲಿ. ಶುಲ್ಕವಿಲ್ಲದ ಸಭೆಗಿಂತ ಎಂಟು ನಿಮಿಷ ಹೆಚ್ಚು. ಅದಕ್ಕೆ ತಗಲುವ ಹಣವನ್ನು ಐದು ತಾಲ್ಲೂಕಿನವರು ಹಂಚಿಕೊಂಡರೆ ಯಾರಿಗೂ ಭಾರವಾಗದು. ಬಿರುದಾವಳಿ ಬೇಡ. ಒಂದು ಮನೆಯವರು ಒಂದೇ ಪರದೆಯ ಮುಂದೆ ಕೂಡಿ ಕುಳಿತು ಕೇಳಲಿ. ಮುಗಿದ ಮೇಲೆ ಅಜ್ಜಿಗೆ ಮೊಮ್ಮಗನು ಕೇಳಿದ್ದನ್ನು ತನ್ನ ಮಾತಿನಲ್ಲಿ ಒಪ್ಪಿಸಲಿ. ಧ್ವನಿಮುದ್ರಣವನ್ನು ಹದಿನೈದು ದಿನ ಮಾತ್ರ ಇಟ್ಟು ತೆಗೆದುಹಾಕಬೇಕೆಂಬ ನನ್ನ ಸಲಹೆಗೆ ವಿರೋಧ ಬಂದಿದೆ. ದೂರದೂರಿನಲ್ಲಿ ಕೆಲಸಕ್ಕಿರುವ ಮಕ್ಕಳಿಗೆ ತೊಂದರೆಯೆಂಬ ಅವರ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಅದಿನ್ನೂ ತೀರ್ಮಾನವಾಗಿಲ್ಲ.

ಉಳಿದವುಗಳಿಗೆ ಒಪ್ಪಿಗೆ ದೊರೆತಿದೆ. ಹೊಸ ಸಾಲಿನ ಮೊದಲ ಸಭೆ ವೀರಶಾಸನ ಜಯಂತಿಯ ಸಂಜೆ. ಅಂದು ಉಪನ್ಯಾಸವಿಲ್ಲ; ಕಳೆದ ವರ್ಷ ಉತ್ತರವಿಲ್ಲದೆ ಉಳಿದ ರಂಟೆಯ ಪ್ರಶ್ನೆಯೊಂದೇ ವಿಷಯ. ಜೈನಾಗಮವನ್ನು ಬಲ್ಲವರೊಬ್ಬರು, ಮಣ್ಣನ್ನು ಬಲ್ಲ ಅದೇ ಉಪನ್ಯಾಸಕರು ಇಬ್ಬರೂ ಇರುತ್ತಾರೆ. ಹುಡುಗಿಗೆ ತಿಳಿಸಲಾಗಿದೆ. ಬಿತ್ತನೆ ಮುಗಿದಿದ್ದರೆ ಅವಳ ತಂದೆಯೂ ಕುಳಿತು ಕೇಳುತ್ತಾರಂತೆ.